ಜರ್ಮನ್ ಕಲಿಯಲು ಜರ್ಮನಿಗೆ: ವೀಸಾಕ್ಕೆ 75 ಯೂರೊ, ಉಳಿದದ್ದಕ್ಕೆ ಎಷ್ಟು?

ಭಾಷೆ ಕಲಿಯಲೆಂದೇ ಜರ್ಮನಿಗೆ ಹೋಗುವವರು ಕಟ್ಟಬೇಕಾದ ವೀಸಾ ಶುಲ್ಕ 75 ಯೂರೊ. ಹದಿನೆಂಟು ತುಂಬದವರಿಗೆ ಅದರ ಅರ್ಧ, 37.50. 2025ರಲ್ಲಿ ಯೂರೊ 100 ರೂಪಾಯಿಯ ಗೆರೆ ದಾಟಿದ್ದರಿಂದ ಲೆಕ್ಕ ಹಾಕುವುದು ಸುಲಭವಾಗಿದೆ, ಕಟ್ಟುವುದು ಕಷ್ಟವಾಗಿದೆ. 75 ಯೂರೊ ಎಂದರೆ 7,500 ರೂಪಾಯಿ. ಬೇರೆ ಹೇಳದ ಕಡೆಯಲ್ಲೆಲ್ಲ ಯೂರೊಗೆ 100 ಎಂದೇ ಹಿಡಿದಿದ್ದೇನೆ; ನೀವು ಓದುವ ಹೊತ್ತಿಗೆ ಅದು 103 ಆಗಿದ್ದರೆ ಎಲ್ಲದಕ್ಕೂ ಶೇ 3 ಸೇರಿಸಿಕೊಳ್ಳಿ.

ಬೆಂಗಳೂರಿನ ಏಜೆಂಟರು ಕೊಡುವ ಅಂದಾಜು ಪಟ್ಟಿಯಲ್ಲಿ ‘ವೀಸಾ ಪ್ರೊಸೆಸಿಂಗ್’ ಎಂಬ ಸಾಲಿನ ಎದುರು ಎಷ್ಟೇ ದೊಡ್ಡ ಮೊತ್ತ ಇರಲಿ, ಸರ್ಕಾರಕ್ಕೆ ಹೋಗುವುದು ಈ 7,500 ಮಾತ್ರ. ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಇಲ್ಲದಿದ್ದರೆ 36 ಪುಟದ್ದಕ್ಕೆ 1,500 ರೂಪಾಯಿ. ಇವೆಲ್ಲ ಸೇರಿದರೂ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆ ದಾಟುವುದಿಲ್ಲ. ಹಾಗಿದ್ದೂ ಮನೆಯವರು ಎಫ್‌ಡಿ ಮುರಿಸುವುದು, ಸೈಟು ಮಾರುವ ಮಾತು ಬರುವುದು ಯಾಕೆ ಎಂದು ನೋಡಬೇಕಾದರೆ ಇನ್ನೊಂದು ಅಂಕಿಯ ಹತ್ತಿರ ಹೋಗಬೇಕು: ತಿಂಗಳಿಗೆ 1,091 ಯೂರೊ.

ವಿದ್ಯಾರ್ಥಿಯೊಬ್ಬ ಜರ್ಮನಿಯಲ್ಲಿ ತಿಂಗಳು ಕಳೆಯಲು ಎಷ್ಟು ಬೇಕು ಎಂಬುದಕ್ಕೆ ಅಲ್ಲಿನ ಸರ್ಕಾರ ಒಂದು ಮೊತ್ತ ಗೊತ್ತುಮಾಡುತ್ತದೆ; ವೀಸಾ ಬೇಕಾದರೆ ಅಷ್ಟು ಹಣ ಇದೆ ಎಂದು ತೋರಿಸಬೇಕು. ತನ್ನದೇ ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನವೇ ಅದಕ್ಕೆ ಅಳತೆಗೋಲು. 2019ರ ಆಗಸ್ಟ್‌ವರೆಗೆ ಅದು 720 ಯೂರೊ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ 853, 2021ರಲ್ಲಿ 861, 2023ರಲ್ಲಿ 934, 2024ರ ಸೆಪ್ಟೆಂಬರ್‌ನಿಂದ 992. ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಈ 992 ಸಾಕು. ಬರೀ ಭಾಷೆ ಕಲಿಯಲು ಹೋಗುವವರಿಗೆ ಅದರ ಮೇಲೆ ಶೇ 10 ಹೆಚ್ಚು, ಹಾಗಾಗಿ 1,091. ಕಾಲೇಜಿಗೆ ಸೇರದವನ ಖರ್ಚು ಕಾಲೇಜಿಗೆ ಸೇರಿದವನಿಗಿಂತ ಜಾಸ್ತಿ ಎಂಬುದು ಮೊದಲು ವಿಚಿತ್ರ ಅನ್ನಿಸುತ್ತದೆ. ಆದರೆ ಅಲ್ಲಿ ಒಂದು ವಾಸ್ತವ ಇದೆ: ಭಾಷಾ ಶಾಲೆಯ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಹಾಸ್ಟೆಲ್ ಸಾಮಾನ್ಯವಾಗಿ ಸಿಗುವುದಿಲ್ಲ, ಸೆಮಿಸ್ಟರ್ ಬಸ್ ಪಾಸ್ ಇಲ್ಲ, ವಿದ್ಯಾರ್ಥಿ ದರದ ಸರ್ಕಾರಿ ಆರೋಗ್ಯ ವಿಮೆಯೂ ಇಲ್ಲ.

2019ರಿಂದೀಚೆಗೆ ಯೂರೊ ಲೆಕ್ಕದಲ್ಲಿ ಮೊತ್ತ ಏರಿದ್ದು ಶೇ 38. ರೂಪಾಯಿಗೆ ತಿರುಗಿಸಿ ನೋಡಿ. 2019ರಲ್ಲಿ ಯೂರೊ 80ರ ಆಸುಪಾಸಿನಲ್ಲಿತ್ತು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಂದು ವರ್ಷಕ್ಕೆ ತೋರಿಸಬೇಕಿದ್ದುದು 8,640 ಯೂರೊ, ಅಂದರೆ 6.91 ಲಕ್ಷ. ಈಗ 11,904 ಯೂರೊ, 11.90 ಲಕ್ಷ. ಏರಿಕೆ ಶೇ 72. ಅಣ್ಣ ಹೋದಾಗ ಆದ ಖರ್ಚಿನ ಮೇಲೆ ತಮ್ಮನ ಲೆಕ್ಕ ಹಾಕುವ ಮನೆಗಳು ಎಡವುವುದು ಇಲ್ಲೇ. ಜರ್ಮನಿ ಕೇಳುವುದೂ ಏರಿದೆ, ನಮ್ಮ ರೂಪಾಯಿಯೂ ಇಳಿದಿದೆ.

ಭಾಷಾ ವೀಸಾ ಮೂರು ತಿಂಗಳಿಗಿಂತ ಹೆಚ್ಚು, ಒಂದು ವರ್ಷದವರೆಗಿನ ಕೋರ್ಸ್‌ಗೆ. ಪೂರ್ತಿ ವರ್ಷಕ್ಕೆ 1,091ರಂತೆ 13,092 ಯೂರೊ, 13 ಲಕ್ಷದ 9 ಸಾವಿರದ 200 ರೂಪಾಯಿ. ಈ ಹಣ ಶುಲ್ಕ ಅಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಬ್ಲಾಕ್ಡ್ ಅಕೌಂಟಿನಲ್ಲಿ ಕೂರುತ್ತದೆ. ಜರ್ಮನಿಗೆ ಹೋದ ಮೇಲೆ ತಿಂಗಳಿಗೆ 1,091ರಂತೆ ನಿಮ್ಮ ಕೈಗೇ ಬರುತ್ತದೆ. ಖಾತೆ ನಡೆಸುವ ಕಂಪನಿಗಳು ತೆರೆಯಲು 50ರಿಂದ 100 ಯೂರೊ ತೆಗೆದುಕೊಳ್ಳುತ್ತವೆ, ಕೆಲವು ತಿಂಗಳಿಗೆ 5 ಯೂರೊ ಆಸುಪಾಸು ಬೇರೆ. ನಿಮ್ಮದೇ ದುಡ್ಡನ್ನು ನಿಮಗೇ ಕಂತಿನಲ್ಲಿ ಕೊಡಲು ಕೂಲಿ.

ಈಗ ಬ್ಯಾಂಕಿನ ಚೀಟಿಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಕಣ್ಣಿಗೆ ಕಾಣದ ಹಣ ಸೋರುವುದು ಇಲ್ಲಿ. ಮಾರುಕಟ್ಟೆಯಲ್ಲಿ ಯೂರೊ 100 ಇದ್ದ ದಿನ ಬ್ಯಾಂಕು ನಿಮಗೆ 102ಕ್ಕೆ ಮಾರಿತು ಎಂದಿಟ್ಟುಕೊಳ್ಳಿ. 13,092 ಯೂರೊಗೆ 13,35,384 ರೂಪಾಯಿ. ವಿದೇಶಿ ಹಣ ಕೊಂಡದ್ದಕ್ಕೆ ಜಿಎಸ್‌ಟಿ ಇದೆ, ಆದರೆ ಪೂರ್ತಿ ಮೊತ್ತದ ಮೇಲಲ್ಲ: 10 ಲಕ್ಷ ದಾಟಿದರೆ 5,500 ರೂಪಾಯಿ ಮತ್ತು ದಾಟಿದ ಭಾಗದ ಶೇ 0.1 ಸೇರಿಸಿ, ಬಂದ ಮೊತ್ತಕ್ಕೆ ಶೇ 18. ಅದು 1,050 ರೂಪಾಯಿ ಆಗುತ್ತದೆ. ಸ್ವಿಫ್ಟ್ ಶುಲ್ಕ ಸಾವಿರ, ಅದರ ಜಿಎಸ್‌ಟಿ 180. ಕೊನೆಗೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ. ಹೊರದೇಶಕ್ಕೆ ಕಳಿಸುವ ಹಣ ಒಂದು ಹಣಕಾಸು ವರ್ಷದಲ್ಲಿ ಒಬ್ಬರ ಹೆಸರಿನಲ್ಲಿ 10 ಲಕ್ಷ ದಾಟಿದರೆ, 2025–26ರ ದರದಂತೆ ಓದಿನ ಉದ್ದೇಶಕ್ಕೆ ಶೇ 5. ದಾಟಿದ್ದು 3,35,384, ತೆರಿಗೆ 16,769. ಒಟ್ಟು ನಿಮ್ಮ ಖಾತೆಯಿಂದ ಹೋದದ್ದು 13,54,383.

ಮಾರುಕಟ್ಟೆ ದರಕ್ಕಿಂತ 45,183 ಹೆಚ್ಚು. ಇದರಲ್ಲಿ ಟಿಸಿಎಸ್ ಸಾಲ ಕೊಟ್ಟಂತೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಅಪ್ಪ ಅರ್ಧ, ಅಮ್ಮ ಅರ್ಧ ಕಳಿಸಿದರೆ ಮಿತಿಯೊಳಗೇ ಇರುತ್ತದೆ, ಆ ಸಾಲು ಚೀಟಿಯಲ್ಲಿ ಬರುವುದೇ ಇಲ್ಲ. ಬ್ಯಾಂಕಿನ ಓದಿನ ಸಾಲದಿಂದ ಕಳಿಸಿದರೂ ಬರುವುದಿಲ್ಲ. ಆದರೆ ಬರೀ ಭಾಷಾ ಕೋರ್ಸ್‌ಗೆ ಓದಿನ ಸಾಲ ಹುಟ್ಟುವುದು ಕಷ್ಟ. ನಿಜವಾಗಿ ಕೈಬಿಟ್ಟುಹೋದದ್ದರಲ್ಲಿ ದೊಡ್ಡದು ದರದ ವ್ಯತ್ಯಾಸದ 26,184 ರೂಪಾಯಿ. ವೀಸಾ ಶುಲ್ಕದ ಮೂರೂವರೆ ಪಟ್ಟು, ರಸೀದಿಯೇ ಇಲ್ಲದೆ. ಯೂರೊಗೆ ಒಂದು ರೂಪಾಯಿ ಇಳಿಸಿಕೊಂಡರೂ 13,092 ಉಳಿಯಿತು. ಸೊಪ್ಪಿಗೆ ಚೌಕಾಸಿ ಮಾಡುವ ನಾವು ಬ್ಯಾಂಕಿನ ಕೌಂಟರಿನಲ್ಲಿ ಬಾಯಿ ಬಿಡುವುದಿಲ್ಲ. ಕೇಳಬೇಕು, ಎರಡು ಬ್ಯಾಂಕು, ಒಂದು ಫೋರೆಕ್ಸ್ ಕಂಪನಿಯ ದರವನ್ನು ಅದೇ ದಿನ ಅದೇ ಗಂಟೆಯಲ್ಲಿ ಕೇಳಿದರೆ ಇಳಿಸುತ್ತಾರೆ.

ಇನ್ನೊಂದು ಸಣ್ಣ ಮುಳ್ಳಿದೆ. ಹಣ ದಾರಿಯಲ್ಲಿ ಇನ್ನೊಂದು ಬ್ಯಾಂಕನ್ನು ಹಾದುಹೋಗುವಾಗ ಆ ಬ್ಯಾಂಕು ಹತ್ತಿಪ್ಪತ್ತು ಯೂರೊ ಮುರಿದುಕೊಳ್ಳಬಹುದು. 13,092 ಕಳಿಸಿದ್ದು 13,077 ಆಗಿ ಮುಟ್ಟಿದರೆ ಖಾತೆ ಭರ್ತಿಯಾಗಿಲ್ಲ ಎಂದೇ ಅರ್ಥ, ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಬರುವುದಿಲ್ಲ. 13 ಲಕ್ಷದ ವಹಿವಾಟು 1,500 ರೂಪಾಯಿಗೆ ನಿಂತು, ಅದನ್ನು ಕಳಿಸಲು ಮತ್ತೆ ಸಾವಿರದ ಸ್ವಿಫ್ಟ್ ಶುಲ್ಕ ಕಟ್ಟಬೇಕಾಗುತ್ತದೆ. ಫಾರಂ ತುಂಬುವಾಗ ಎಲ್ಲ ಬ್ಯಾಂಕ್ ಶುಲ್ಕವೂ ಕಳಿಸುವವರದ್ದೇ ಎಂಬ ಆಯ್ಕೆಗೆ ಗುರುತು ಹಾಕಿ, ನೂರು ಯೂರೊ ಹೆಚ್ಚಿಗೆ ಕಳಿಸುವುದು ವಾಸಿ. ಮಿಕ್ಕರೆ ಅದೂ ನಿಮ್ಮದೇ.

ಅಲ್ಲಿಗೆ ಹೋದ ಮೇಲೆ 1,091ರಲ್ಲಿ ಬದುಕಬಹುದೇ? ಊರಿನ ಮೇಲೆ ಹೋಗುತ್ತದೆ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ದೇಶದ ಸರಾಸರಿ ಬಾಡಿಗೆ 500 ಯೂರೊ ಆಸುಪಾಸು. ಖಾಸಗಿ ಆರೋಗ್ಯ ವಿಮೆ 40 ಎಂದಿಡಿ. ಇಡೀ ದೇಶದ ಊರೊಳಗಿನ ಬಸ್ಸು, ಟ್ರಾಮ್, ಪ್ಯಾಸೆಂಜರ್ ರೈಲುಗಳಿಗೆ ನಡೆಯುವ ತಿಂಗಳ ಪಾಸ್ 2025ರಲ್ಲಿ 58 ಯೂರೊ ಇತ್ತು, 2026ರ ಜನವರಿಯಿಂದ 63. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ದಿನಸಿಗೆ 220 ಎಂಬುದು ನನ್ನ ಅಂದಾಜು. ಹೊರಗೆ ತಿಂದರೆ ಅಂದಾಜಿಗೆ ಅರ್ಥವಿಲ್ಲ. ಫೋನಿಗೆ 15. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕೊಡಬೇಕು. ಮೂವರು ಹಂಚಿಕೊಂಡರೆ ತಲೆಗೆ 6. ಪಾಸಿಗೆ 2025ರ ದರ ಹಿಡಿದರೆ ಎಲ್ಲ ಕೂಡಿ 839. ಉಳಿದದ್ದು 252.

ಮ್ಯೂನಿಕ್‌ನಲ್ಲಿ ಅದೇ ಕೋಣೆ 800ರ ಆಸುಪಾಸು. ಮೊತ್ತ 1,139ಕ್ಕೆ ಹೋಗುತ್ತದೆ, ಸರ್ಕಾರ ಸಾಕು ಎಂದ ಹಣಕ್ಕಿಂತ 48 ಜಾಸ್ತಿ. ಕೋರ್ಸ್ ಶುಲ್ಕ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಭಾಷೆ ಕಲಿಯುವುದೇ ಉದ್ದೇಶವಾದರೆ ಮ್ಯೂನಿಕ್ ಆರಿಸಿಕೊಳ್ಳಲು ಅಲ್ಲಿ ಅಕ್ಕನೋ ಭಾವನೋ ಇರಬೇಕು. ಬೇರೆ ಕಾರಣ ನನಗೆ ಕಾಣುವುದಿಲ್ಲ. ಲೈಪ್‌ಜಿಗ್, ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಪೂರ್ವದ ಊರುಗಳಲ್ಲಿ ಬಾಡಿಗೆ ಕಡಿಮೆ, ಭಾಷೆ ಅದೇ.

ಮೊದಲ ತಿಂಗಳೇ ಕಷ್ಟದ್ದು. ಮನೆ ಮಾಲೀಕ ಅಡ್ವಾನ್ಸ್ ಆಗಿ ಹೀಟಿಂಗ್ ವಗೈರೆ ಬಿಟ್ಟ ಬಾಡಿಗೆಯ ಮೂರು ಪಟ್ಟು ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಧರ್ಮದ ಮಾತೇ. ಆದರೆ 400 ಯೂರೊ ಬಾಡಿಗೆಗೆ 1,200 ಅಡ್ವಾನ್ಸ್, ಖರ್ಚು ಸೇರಿದ ಮೊದಲ ಬಾಡಿಗೆ 500, ಒಟ್ಟು 1,700 ಬೇಕಾದಾಗ ಬ್ಲಾಕ್ಡ್ ಅಕೌಂಟ್ ಕೊಡುವುದು 1,091 ಮಾತ್ರ. ಅದೂ ಅಲ್ಲಿ ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ. ಒಳಗೆ 13 ಸಾವಿರ ಇದ್ದೂ ಕೈ ಖಾಲಿ. ಅಡ್ವಾನ್ಸನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಅಲ್ಲಿನ ಕಾನೂನು ಕೊಟ್ಟಿದೆ, ಆದರೆ ಕೋಣೆಗೆ ಹತ್ತಾರು ಜನ ಕಾದಿರುವಾಗ ಹಕ್ಕಿನ ಮಾತು ಆಡುವವನಿಗೆ ಕೋಣೆ ಸಿಗುವುದು ಕಷ್ಟ. ಬ್ಲಾಕ್ಡ್ ಅಕೌಂಟಿನ ಹೊರಗೆ ಎರಡೂವರೆ ಸಾವಿರ ಯೂರೊ ಬೇರೆ ಇಟ್ಟುಕೊಂಡೇ ಹೊರಡಬೇಕು. ನೋಟಿನ ರೂಪದಲ್ಲಿ ನಮ್ಮ ದೇಶದಿಂದ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದಷ್ಟು ಒಯ್ಯಬಹುದು. ಅರ್ಧ ನೋಟು, ಅರ್ಧ ಫೋರೆಕ್ಸ್ ಕಾರ್ಡ್ ಮಾಡಿಕೊಂಡರೆ ಒಳ್ಳೆಯದು. ವಿಮಾನದ ಟಿಕೆಟ್ಟನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಪೀರಿಯಡ್ ಒಂದಕ್ಕೆ ಬಿದ್ದದ್ದೆಷ್ಟು

ವೀಸಾ ಸಿಗಬೇಕಾದರೆ ಕೋರ್ಸ್ ವಾರಕ್ಕೆ ಕನಿಷ್ಠ 18 ಪೀರಿಯಡ್‌ನದಾಗಿರಬೇಕು. ಸಂಜೆ ಕ್ಲಾಸು, ವಾರದ ಕೊನೆಯ ಕ್ಲಾಸು ನಡೆಯುವುದಿಲ್ಲ. ಪೀರಿಯಡ್ ಎಂದರೆ 45 ನಿಮಿಷ, ಹಾಗಾಗಿ ಗಡಿಯಾರದ ಲೆಕ್ಕದಲ್ಲಿ ವಾರಕ್ಕೆ ಹದಿಮೂರೂವರೆ ಗಂಟೆ. ತಿಂಗಳಿಗೆ 78 ಪೀರಿಯಡ್. 1,091 ಯೂರೊವನ್ನು 78ರಿಂದ ಭಾಗಿಸಿ: 14. ಅಂದರೆ ಶಾಲೆಯ ಶುಲ್ಕ ಇಡದೆಯೇ, ಆ ಬೆಂಚಿನ ಮೇಲೆ 45 ನಿಮಿಷ ಕೂರುವುದಕ್ಕೆ 1,400 ರೂಪಾಯಿ.

ಈ 1,400ನ್ನು ತಲೆಯಲ್ಲಿಟ್ಟುಕೊಂಡು ಮುಂದಿನ ಅಂಕಿ ನೋಡಿ. ಜರ್ಮನ್ ಕಲಿಸುವ ಗೋಯ್ಥೆ ಇನ್‌ಸ್ಟಿಟ್ಯೂಟ್ ತನ್ನ ಒಂದೊಂದು ಹಂತದ ಪರೀಕ್ಷೆಗೆ ಎಷ್ಟು ಪೀರಿಯಡ್ ಕಲಿತಿರಬೇಕು ಎಂದು ಹೇಳುತ್ತದೆ. ಮೊದಲ ಹಂತವಾದ ಎ1ಕ್ಕೆ 80ರಿಂದ 200, ಎ2ಕ್ಕೆ 200ರಿಂದ 350, ಬಿ1ಕ್ಕೆ 350ರಿಂದ 650, ಬಿ2ಕ್ಕೆ 600ರಿಂದ 800. ಎಲ್ಲವೂ ಸೊನ್ನೆಯಿಂದ ಎಣಿಸಿದ್ದು. ನಮ್ಮಿಂದ ಹೋಗುವವರ ಗುರಿ ಹೆಚ್ಚಾಗಿ ಬಿ1 ಅಥವಾ ಬಿ2: ಕೆಲಸ ಕಲಿಯುತ್ತಾ ಸಂಬಳ ಪಡೆಯುವ ಅಪ್ರೆಂಟಿಸ್ ತರಬೇತಿಗೆ ಸಾಮಾನ್ಯವಾಗಿ ಬಿ1, ನರ್ಸ್ ಆಗಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2. ಜರ್ಮನ್ ಮಾಧ್ಯಮದ ವಿಶ್ವವಿದ್ಯಾಲಯಕ್ಕೆ ಇನ್ನೂ ಮೇಲೆ ಹೋಗಬೇಕು.

ಅಕ್ಷರವೂ ಬಾರದೆ ಹೋದವಳು ವಾರಕ್ಕೆ 18ರಂತೆ 800 ಪೀರಿಯಡ್ ಮುಗಿಸಲು ಸುಮಾರು 44 ವಾರ ಬೇಕು. ಕೋರ್ಸ್‌ಗಳ ನಡುವಿನ ಬಿಡುವು, ಕ್ರಿಸ್‌ಮಸ್ ರಜೆ, ಪರೀಕ್ಷೆ, ಫಲಿತಾಂಶ ಸೇರಿದರೆ ವರ್ಷ ಮುಗಿಯಿತು: 13,092 ಯೂರೊ. ವಾರಕ್ಕೆ 25 ಪೀರಿಯಡ್‌ನ ಕೋರ್ಸ್ ಹಿಡಿದರೆ 32 ವಾರ, ಬಿಡುವು ಸೇರಿ ಒಂಬತ್ತು ತಿಂಗಳು, 9,819 ಯೂರೊ. ಕಡಿಮೆ ಶುಲ್ಕದ ಕೋರ್ಸ್ ಎಂದು 18 ಪೀರಿಯಡ್‌ನದನ್ನು ಆರಿಸಿಕೊಂಡು ಶಾಲೆಯಲ್ಲಿ ಉಳಿಸಿದ್ದನ್ನು ಬಾಡಿಗೆಯಲ್ಲಿ ಕಳೆಯುತ್ತಾರೆ, ಅದೂ ಮೂರು ಲಕ್ಷಕ್ಕಿಂತ ಹೆಚ್ಚು.

ಮೂರನೆಯ ದಾರಿ ಬಿ1ವರೆಗೆ ಇಲ್ಲೇ ಕಲಿಯುವುದು. ಬೆಂಗಳೂರಿನ ಇಂದಿರಾನಗರದಲ್ಲಿ ಗೋಯ್ಥೆ ಇನ್‌ಸ್ಟಿಟ್ಯೂಟ್‌ನ ಮ್ಯಾಕ್ಸ್ ಮ್ಯುಲ್ಲರ್ ಭವನ ಇದೆ. ಅದು ಬೇಡವಾದರೆ ಖಾಸಗಿ ಕ್ಲಾಸು, ಆನ್‌ಲೈನ್ ಕ್ಲಾಸು ಬೇಕಾದಷ್ಟು. ಬಿ1 ಮುಗಿಸಿ ಹೋದವಳಿಗೆ ಬಿ2ಕ್ಕೆ ಮಿಕ್ಕುವುದು 200 ಪೀರಿಯಡ್ ಆಸುಪಾಸು, ವಾರಕ್ಕೆ 25ರಂತೆ ಎಂಟು ವಾರ. ನಿಧಾನಕ್ಕೆ, ಮರುಪರೀಕ್ಷೆಗೂ ಸಮಯ ಇಟ್ಟುಕೊಂಡು ನಾಲ್ಕು ತಿಂಗಳು ಎಂದೇ ಹಿಡಿಯಿರಿ: 4,364 ಯೂರೊ. ಮೊದಲ ದಾರಿಗಿಂತ 8,728 ಯೂರೊ ಕಡಿಮೆ, ರೂಪಾಯಿಯಲ್ಲಿ 8.73 ಲಕ್ಷ. ಕಲಬುರಗಿಯಿಂದಲೋ ಶಿವಮೊಗ್ಗದಿಂದಲೋ ಬಂದು ಬೆಂಗಳೂರಿನ ಪಿಜಿಯಲ್ಲಿ ತಿಂಗಳಿಗೆ ಹತ್ತು ಸಾವಿರ ಕೊಟ್ಟು ಹತ್ತು ತಿಂಗಳಿದ್ದರೂ ಒಂದು ಲಕ್ಷ. ಕ್ಲಾಸು, ಪರೀಕ್ಷೆಗಳಿಗೆ ಇನ್ನೆರಡು ಲಕ್ಷ ಹೋಯಿತೆಂದರೂ ಐದೂವರೆ ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ.

‘ಅಲ್ಲಿಗೆ ಹೋದರೆ ಭಾಷೆ ತಾನಾಗಿಯೇ ಬರುತ್ತದೆ’ ಎನ್ನುವವರ ಮಾತು ಬಿ1 ದಾಟಿದವರಿಗೆ ನಿಜ. ಎ1ನಲ್ಲಿ ಇರುವವರಿಗೆ ಅಂಗಡಿಯವನು ಹೇಳಿದ್ದು ಅರ್ಥವಾಗುವುದಿಲ್ಲ, ಅವನು ಇಂಗ್ಲಿಷಿಗೆ ತಿರುಗುತ್ತಾನೆ. ಸಂಜೆ ಕೋಣೆಗೆ ಬಂದರೆ ರೂಮ್‌ಮೇಟ್ ಹುಬ್ಬಳ್ಳಿಯವನು. ‘ಇದು ಮೇಜು, ಅದು ಕುರ್ಚಿ’ ಕಲಿಯಲು ಪೀರಿಯಡ್‌ಗೆ 1,400 ಕೊಡುವುದಕ್ಕಿಂತ ವಾದ, ವರದಿ, ರೋಗಿಯ ಜೊತೆ ಮಾತು ಕಲಿಯುವ ಹಂತದಲ್ಲಿ ಕೊಡುವುದು ಮೇಲು.

ಶಾಲೆಯ ಶುಲ್ಕವೂ ಇದನ್ನೇ ಹೇಳುತ್ತದೆ. ಅಲ್ಲಿನ ಖಾಸಗಿ ಶಾಲೆಗಳಲ್ಲಿ ನಾಲ್ಕು ವಾರಕ್ಕೆ ಸುಮಾರು 400ರಿಂದ 800 ಯೂರೊ. ಗೋಯ್ಥೆಯ ಜರ್ಮನಿ ಶಾಖೆಗಳಲ್ಲಿ ಸಾವಿರ ದಾಟುತ್ತದೆ. ಊರೂರಿನ ಸಾರ್ವಜನಿಕ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಕಡಿಮೆ, ಆದರೆ ಸೀಟು ಬೇಗ ತುಂಬುತ್ತದೆ. ನಡುವಿನ 600 ಹಿಡಿದರೆ 44 ವಾರಕ್ಕೆ 6,600 ಯೂರೊ. ಬದುಕಿನ ಖರ್ಚಿನ ಜೊತೆ ಕೂಡಿಸಿ: 19,692 ಯೂರೊ, ಇಪ್ಪತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲದ ದೇಶದಲ್ಲಿ, ಅದಕ್ಕೆ ಮುನ್ನ ಭಾಷೆ ಕಲಿಯುವ ಒಂದು ವರ್ಷಕ್ಕೆ ಇಪ್ಪತ್ತು ಲಕ್ಷ.

ವಿಶ್ವವಿದ್ಯಾಲಯದಿಂದ ‘ಭಾಷೆ ಕಲಿತು ಬಂದರೆ ಸೀಟು’ ಎಂಬ ಷರತ್ತಿನ ಪ್ರವೇಶ ಪತ್ರ ಇದ್ದವರು ಭಾಷಾ ವೀಸಾದ ಬದಲು ವಿದ್ಯಾರ್ಥಿ ವೀಸಾಕ್ಕೇ ಹಾಕಬೇಕು. ಅಲ್ಲಿ ದರ 992. ವರ್ಷಕ್ಕೆ 1,188 ಯೂರೊ ಕಡಿಮೆ ಕಟ್ಟಿದರಾಯಿತು. ಪ್ರಮಾಣಪತ್ರಗಳ ತಪಾಸಣೆಯ ಎಪಿಎಸ್‌ಗೆ 18,000 ರೂಪಾಯಿ ಹೋದರೂ ಲಕ್ಷ ಉಳಿಯುತ್ತದೆ. ಮೂರು ತಿಂಗಳೊಳಗಿನ ಕೋರ್ಸ್ ಆದರೆ ಷೆಂಗೆನ್ ವೀಸಾ ಇದೆ. ಶುಲ್ಕ 90 ಯೂರೊ, ಇರುವುದು ಹೆಚ್ಚೆಂದರೆ 90 ದಿನ, ಕೆಲಸ ಮಾಡುವಂತಿಲ್ಲ.

ಕೆಲಸದ ವಿಚಾರ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಿಂದ ಭಾಷಾ ವೀಸಾದವರಿಗೂ ವಾರಕ್ಕೆ 20 ಗಂಟೆ ದುಡಿಯಲು ಅವಕಾಶ ಇದೆ. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೊ ಇತ್ತು, 2026ರ ಜನವರಿಯಿಂದ 13.90. ಪೂರ್ತಿ 20 ಗಂಟೆ ಸಿಕ್ಕರೆ ತಿಂಗಳಿಗೆ ಹಳೆಯ ದರದಲ್ಲಿ 1,110, ಹೊಸ ದರದಲ್ಲಿ 1,204. ಕಾಗದದ ಮೇಲೆ ಬ್ಲಾಕ್ಡ್ ಅಕೌಂಟಿನಷ್ಟೇ. ಸಿಗುವುದು ಹೆಚ್ಚಾಗಿ ‘ಮಿನಿಜಾಬ್’: ತಿಂಗಳ ಮಿತಿ 2025ರಲ್ಲಿ 556 ಯೂರೊ ಇತ್ತು, 2026ರ ಜನವರಿಯಿಂದ 603, ವಾರಕ್ಕೆ ಹತ್ತು ಗಂಟೆ ಅಷ್ಟೆ. ಭಾಷೆ ಬಾರದವರಿಗೆ ಗೋದಾಮು, ಹೋಟೆಲಿನ ಅಡುಗೆಮನೆ. ಆಮೇಲೆ ಸಿಗಬಹುದಾದ ಕೆಲಸವನ್ನು ನಂಬಿ ಇವತ್ತಿನ ಬ್ಲಾಕ್ಡ್ ಅಕೌಂಟನ್ನು ಕಡಿಮೆ ಮಾಡಲು ಕಾನ್ಸುಲೇಟ್ ಒಪ್ಪುವುದಿಲ್ಲ.

ಖಾತೆಯ ಗೊಡವೆಯೇ ಬೇಡವೆಂದರೆ ಅಲ್ಲಿರುವ ನೆಂಟರು ಹೊಣೆಗಾರಿಕೆ ಪತ್ರ ಬರೆದುಕೊಡಬಹುದು. ಅವರು ತಮ್ಮ ಊರಿನ ವಿದೇಶೀಯರ ಕಚೇರಿಗೆ ಸಂಬಳದ ಚೀಟಿ ಒಯ್ದು 29 ಯೂರೊ ಕಟ್ಟಬೇಕು. ‘ಭಾವ, ಒಂದು ಸಹಿ ಅಷ್ಟೆ’ ಎಂದು ಇಲ್ಲಿಂದ ಫೋನು ಹೋಗುತ್ತದೆ. ಆ ಸಹಿಯ ಆಯಸ್ಸು ಐದು ವರ್ಷ. ಅಷ್ಟರಲ್ಲಿ ಬಂದವನ ಹೊಟ್ಟೆಪಾಡು, ವಸತಿ, ಕಾಯಿಲೆಗೆ ಸರ್ಕಾರ ಕೈಯಿಂದ ಖರ್ಚು ಮಾಡಿದರೆ ವಸೂಲಿ ಭಾವನಿಂದ. ಭಾವ ತಡವರಿಸಿದರೆ ಬೇಸರ ಮಾಡಿಕೊಳ್ಳಬಾರದು.

ವೀಸಾ ಸಿಗದಿದ್ದರೆ? 75 ಯೂರೊ ವಾಪಸ್ ಬರುವುದಿಲ್ಲ. ಹಿಂದೆ ಕಾನ್ಸುಲೇಟಿಗೇ ಮರುಪರಿಶೀಲನೆಯ ಪತ್ರ ಬರೆಯಬಹುದಿತ್ತು, ಖರ್ಚಿಲ್ಲದೆ. 2025ರ ಜುಲೈ 1ರಿಂದ ಆ ಬಾಗಿಲು ಮುಚ್ಚಿದೆ. ಈಗ ಹೊಸ ಶುಲ್ಕ ಕಟ್ಟಿ ಹೊಸ ಅರ್ಜಿ, ಇಲ್ಲವೇ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ. ಶಾಲೆಗಳು ತಿರಸ್ಕಾರದ ಪತ್ರ ನೋಡಿ ಶುಲ್ಕ ಮರಳಿಸುವುದು ರೂಢಿ, ಆಡಳಿತ ವೆಚ್ಚವೆಂದು ಸ್ವಲ್ಪ ಮುರಿದುಕೊಂಡು. ಬ್ಲಾಕ್ಡ್ ಅಕೌಂಟಿನ 13,092 ಯೂರೊ ವಾಪಸ್ ಬರುತ್ತದೆ, ಆದರೆ ಬ್ಯಾಂಕು ಈಗ ಕೊಳ್ಳುವ ದರ ಹಾಕುತ್ತದೆ. 102ಕ್ಕೆ ಕೊಂಡದ್ದನ್ನು 98ಕ್ಕೆ ಮಾರಿದರೆ ನಷ್ಟ 52,368 ರೂಪಾಯಿ. ನಾಲ್ಕು ತಿಂಗಳ ಕೋರ್ಸ್‌ಗೆ 4,364 ಯೂರೊ ಕಳಿಸಿದ್ದವರಿಗೆ ಇದೇ ನಷ್ಟ 17,456.

ತಿರಸ್ಕಾರದ ಭಯವೂ ಸೊನ್ನೆಯಿಂದ ಹೋಗುವವರಿಗೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಯಾಕೆ ಜರ್ಮನ್, ಯಾಕೆ ಅಲ್ಲಿಯೇ, ಕಲಿತು ಏನು ಮಾಡುತ್ತೀರಿ ಎಂಬ ಮೂರು ಪ್ರಶ್ನೆಗೆ ಬಿ1 ಪ್ರಮಾಣಪತ್ರ ಕೈಯಲ್ಲಿದ್ದವಳ ಉತ್ತರ ಅರ್ಧ ಮೊದಲೇ ಬರೆದಾಗಿರುತ್ತದೆ. ಅಷ್ಟಾದ ಮೇಲೂ ಹಣ ಕಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಪ್ರಮಾಣಪತ್ರ, ಆಮೇಲೆ ಶಾಲೆಯ ಸೀಟು ಮತ್ತು ಮುಂಗಡ, ವಿಎಫ್‌ಎಸ್ ಸ್ಲಾಟ್‌ಗೆ ಎರಡು-ಮೂರು ವಾರ ಇರುವಾಗ ಬ್ಯಾಂಕಿಗೆ ಹೋಗಿ. ದೃಢೀಕರಣ ಪತ್ರ ಬರಲು ಅಷ್ಟು ಸಮಯ ಬೇಕು. ಅದಕ್ಕಿಂತ ಮೊದಲೇ ಕಳಿಸಿದರೆ ನಿಮ್ಮ ಎಫ್‌ಡಿ ಬಡ್ಡಿ ನಿಲ್ಲುತ್ತದೆ, ಅಲ್ಲಿ ಹಣ ಸುಮ್ಮನೆ ಕೂತಿರುತ್ತದೆ.